ಹಾಡಿನ ಡಾಕ್ಟರು ಕತ್ತರಿಸಿದ ಸಾಲು

ನನ್ನ ಅಮ್ಮನ ಬಾಯಿ ಮುಚ್ಚಿಸಲು ಆಸ್ಪತ್ರೆಯವರು ಸೀಲು ಹಾಕಿ ಆದೇಶ ಹೊರಡಿಸಿದ ವರ್ಷವೇ ನನಗೆ ಅವಳ ಹಾಡಿನ ಮೇಲೆ ಪ್ರೀತಿ ಹುಟ್ಟಿತು. ಅದಕ್ಕೆ ಮೊದಲು ಎರಡು ವರ್ಷ ಆ ಹಾಡು ನನ್ನ ಕಿವಿಯ ಪಕ್ಕದಲ್ಲೇ ಇತ್ತು. ನನಗೆ ಅದನ್ನು ಕೇಳಿದರೆ ನಾಚಿಕೆಯಾಗುತ್ತಿತ್ತು. ಹಾಗಾಗಿ ಈ ವಿಷಯದಲ್ಲಿ ನಾನು ಆಡಳಿತ ಮಂಡಳಿಗೆ ಋಣಿ. ಅವರು ತಡೆಯದಿದ್ದರೆ ನಾನು ಇವತ್ತಿಗೂ ಇಯರ್‌ಫೋನು ತುರುಕಿಕೊಂಡು ಸಿನಿಮಾ ಹಾಡು ಕೇಳುತ್ತ ಕೂತಿರುತ್ತಿದ್ದೆ.

ಆಸ್ಪತ್ರೆ ಏಳು ಮಹಡಿಯದು. ನಮ್ಮದು ಎಂಟನೆಯದು, ನೆಲದ ಕೆಳಗೆ. ಲಿಫ್ಟು ಎರಡಿದ್ದವು. ಒಂದರಲ್ಲಿ ರೋಗಿಗಳು, ಡಾಕ್ಟರುಗಳು, ಹೂಗುಚ್ಛ ಹಿಡಿದ ನೆಂಟರು. ಇನ್ನೊಂದರಲ್ಲಿ ಹೆಣ, ಕಸ, ಕೊಳೆ ಬಟ್ಟೆ, ನಾವು. ಹೆಣದ ಜೊತೆ ಓಡಾಡಲು ನಮಗೆ ಅಡ್ಡಿಯಿರಲಿಲ್ಲ. ಹೆಣಗಳೂ ತಕರಾರು ಮಾಡುತ್ತಿರಲಿಲ್ಲ. ಒಮ್ಮೆ ದೊಡ್ಡಮ್ಮ, ಅಂದರೆ ನನ್ನ ಅಮ್ಮನ ಅಕ್ಕ, ಮಂಡಿನೋವು ಎಂದು ಹೂಗುಚ್ಛದವರ ಲಿಫ್ಟು ಹತ್ತಿಬಿಟ್ಟಳು. ಅವಳು ಇಳಿದ ಮೇಲೆ ಲಿಫ್ಟನ್ನು ಫಿನಾಯಿಲ್ ಹಾಕಿ ಒರೆಸಿದರು. ಒರೆಸಿದ ಬಟ್ಟೆ ಒಗೆಯಲು ದೊಡ್ಡಮ್ಮನ ಹತ್ತಿರವೇ ಬಂತು.

ಬಟ್ಟೆ ಒಗೆಯುವ ಮಷೀನು ಮೂರು. ನೀರು ಹಿಂಡುವ ಮಷೀನು ಒಂದು. ಅದರ ಮೇಲೆ ‘ದುರಸ್ತಿಯಲ್ಲಿದೆ’ ಎಂಬ ಬೋರ್ಡು. ನಾನು ಕೆಲಸಕ್ಕೆ ಸೇರುವಾಗ ಆ ಬೋರ್ಡಿಗೆ ಒಂಬತ್ತು ವರ್ಷ. ಮಷೀನು ದುರಸ್ತಿಯಾಗಲಿಲ್ಲ, ಬೋರ್ಡನ್ನು ಮಾತ್ರ ಎರಡು ಸಲ ಹೊಸದಾಗಿ ಬರೆಸಿದ್ದರು. ಹೀಗಾಗಿ ದಿನಕ್ಕೆ ನಾನೂರು ಬೆಡ್‌ಶೀಟನ್ನು ಹನ್ನೆರಡು ಹೆಂಗಸರು ಕೈಯಲ್ಲೇ ಹಿಂಡುತ್ತಿದ್ದರು. ಒಂದು ಶೀಟಿಗೆ ಇಬ್ಬರು. ಈ ತುದಿಗೆ ಒಬ್ಬಳು, ಆ ತುದಿಗೆ ಒಬ್ಬಳು. ಎದುರುಬದುರು ನಿಂತು ತಿರುವಬೇಕು. ಶೀಟು ಹಗ್ಗವಾಗುತ್ತದೆ, ನೀರು ಕಾಲ ಮೇಲೆ ಸುರಿಯುತ್ತದೆ. ಆಮೇಲೆ ಇಬ್ಬರೂ ಒಂದೇ ಕ್ಷಣಕ್ಕೆ ಬಿಡಬೇಕು. ಒಬ್ಬಳು ಮೊದಲು ಬಿಟ್ಟರೆ ಅಷ್ಟೂ ತಿರುವು ಇನ್ನೊಬ್ಬಳ ಮಣಿಕಟ್ಟಿಗೆ ಬಂದು ಹೊಡೆಯುತ್ತದೆ.

ಹಾಡು ಇದ್ದದ್ದು ಅದಕ್ಕೆ. ಒಬ್ಬಳು ಎತ್ತುವುದು, ಉಳಿದವರು ಸೇರುವುದು. ಒಂದು ಶೀಟಿಗೆ ಒಂದು ಪದ, ಒಂದು ಪದಕ್ಕೆ ನಾಲ್ಕು ಸಾಲು:

ಹಿಡಿಯೇ ಅಕ್ಕ ಹಿಡಿ, ತುದಿಯ ಹಿಡಿ
ತಿರುವೇ ಅಕ್ಕ ತಿರುವು, ಬಿಗಿಯಾಗಿ ತಿರುವು
ಮೇಲೆ ಮಲಗೋರೆಲ್ಲ ದೊಡ್ಡ ಮನುಷ್ಯರು
ಹೇಲು ಒಂದೇ ಬಣ್ಣ ಕಣೇ, ಬಿಡೇ ಅಕ್ಕ ಬಿಡು

ಮೊದಲ ಸಾಲಿಗೆ ಹಿಡಿಯುವುದು, ಎರಡಕ್ಕೂ ಮೂರಕ್ಕೂ ತಿರುವುವುದು, ನಾಲ್ಕನೆಯದರ ಕೊನೆಗೆ ‘ಬಿಡು’ ಎಂದಾಗ ಬಿಡುವುದು. ಆರು ಶೀಟುಗಳು ಒಟ್ಟಿಗೆ ಸಡಿಲವಾಗಿ ತಿರುಗಿಕೊಳ್ಳುತ್ತಿದ್ದವು. ಮೊದಲೆರಡು ಸಾಲು ಯಾವಾಗಲೂ ಅವೇ. ಕೊನೆಯ ಎರಡು ಬದಲಾಗುತ್ತಿದ್ದವು. ಅಂಥ ಪದ ನಲವತ್ತೆರಡು ಇದ್ದವು.

ಅಪ್ಪ ತೀರಿಕೊಂಡ ಮೇಲೆ ನಾನು ಓದು ಬಿಟ್ಟು ಅಲ್ಲಿಗೆ ಸೇರಿದೆ. ನನಗೆ ದಿಂಬಿನ ಚೀಲ ಮಡಚುವ ಕೆಲಸ. ಹತ್ತು ಹೆಜ್ಜೆ ದೂರದಲ್ಲಿ ಅಮ್ಮ ‘ಹೇಲು ಒಂದೇ ಬಣ್ಣ’ ಎಂದು ಗಂಟಲೆತ್ತಿ ಹಾಡುತ್ತಿದ್ದಳು. ನಾನು ಇಯರ್‌ಫೋನಿನ ಸದ್ದು ಜಾಸ್ತಿ ಮಾಡುತ್ತಿದ್ದೆ. ಅದಕ್ಕೆ ಅವರೆಲ್ಲ ನನಗೆ ಮಹಾರಾಣಿ ಎಂದು ಹೆಸರಿಟ್ಟಿದ್ದರು. “ಮಹಾರಾಣಿಯವರೇ, ತಮ್ಮ ಕಿವಿ ಅರಮನೆಯಿಂದ ಇಳಿದು ಬರುತ್ತಾ, ಒಂದು ಬಕೆಟ್ ನೀರು ಬೇಕಿತ್ತು” ಎಂದು ದೊಡ್ಡಮ್ಮ ಕೂಗುತ್ತಿದ್ದಳು.

ಆ ವರ್ಷ ನಮ್ಮ ತಲೆಯ ಮೇಲೆ ಸರಿಯಾಗಿ ವಿಶೇಷ ವಾರ್ಡು ಬಂತು. ಅಲ್ಲಿ ರೋಗಿಗಳಿರಲಿಲ್ಲ, ಅತಿಥಿಗಳಿದ್ದರು. ಗಾಳಿಕಿಂಡಿಯಿಂದ ನಮ್ಮ ಹಾಡು ಅತಿಥಿಗಳ ಕಿವಿಗೆ ಬೀಳತೊಡಗಿತು. ಸೂಪರ್‌ವೈಸರ್ ಕೆಳಗಿಳಿದು ಬಂದು ಗೋಡೆಗೆ ಒಂದು ಕಾಗದ ಅಂಟಿಸಿದರು. ಕೆಲಸದ ವೇಳೆಯಲ್ಲಿ ಹಾಡುವುದು, ಗುನುಗುವುದು ಹಾಗೂ ಲಯಬದ್ಧವಾಗಿ ಕೂಗುವುದನ್ನು ನಿಷೇಧಿಸಲಾಗಿದೆ. ಲಯ ತಪ್ಪಿ ಕೂಗಲು ನಿಷೇಧ ಇರಲಿಲ್ಲ.

“ಹಾಡಿಲ್ದೆ ಹಿಂಡೋಕಾಗಲ್ಲ ಸಾರ್. ಕೈ ತಪ್ಪುತ್ತೆ,” ಎಂದಳು ಅಮ್ಮ.

“ಒಂದು, ಎರಡು ಅಂತ ಮನಸ್ಸಲ್ಲೇ ಎಣಿಸ್ಕೊಳ್ಳಿ.”

“ಇಬ್ಬರ ಮನಸ್ಸು ಒಂದೇ ಸಲ ಎಣಿಸುತ್ತಾ ಸಾರ್?”

“ನೋಡಮ್ಮ, ಮೇಲೆ ಎಂಥೆಂಥವರು ಮಲಗಿರ್ತಾರೆ ಗೊತ್ತಾ ನಿಂಗೆ?”

“ಗೊತ್ತಿಲ್ದೆ ಏನು. ಅವರ ಶೀಟು ನಾವೇ ತಾನೆ ಒಗಿಯೋದು,” ಎಂದಳು ದೊಡ್ಡಮ್ಮ.

ಮೂರನೆಯ ದಿನ ದೊಡ್ಡಮ್ಮ ನಾಲ್ಕು ಎಣಿಸಿ ಬಿಟ್ಟಳು. ಎದುರಿಗಿದ್ದ ಅಮ್ಮ ಇನ್ನೂ ಮೂರರಲ್ಲಿದ್ದಳು. ಕಟ್ ಎಂದು ಸದ್ದಾಯಿತು. ನಾನು ಇಯರ್‌ಫೋನು ಹಾಕಿಕೊಂಡಿದ್ದರೂ ಕೇಳಿಸಿತು. ಅಮ್ಮ ಕೂಗಲಿಲ್ಲ. ಆದೇಶ ನೆನಪಿತ್ತೋ ಏನೋ. ಬಲಗೈ ಹಿಡಿದುಕೊಂಡು ಸೋಪಿನ ನೀರಿನಲ್ಲೇ ಕೂತುಬಿಟ್ಟಳು.

ಮೂರನೇ ಮಹಡಿಯಲ್ಲಿ ಮೂಳೆ ವಿಭಾಗವಿತ್ತು. ಆ ವಿಭಾಗದ ಶೀಟುಗಳನ್ನು ಅವತ್ತು ಬೆಳಿಗ್ಗೆ ಅಮ್ಮನೇ ಹಿಂಡಿದ್ದಳು. ಅಲ್ಲಿಗೆ ಕರೆದುಕೊಂಡು ಹೋದರೆ, ಸಿಬ್ಬಂದಿಗೆ ಮಾತ್ರ ಚಿಕಿತ್ಸೆ, ಹೊರಗುತ್ತಿಗೆಯವರು ಸಿಬ್ಬಂದಿಯಲ್ಲ ಎಂದರು. ಒಳಗೇ ಹದಿನಾರು ವರ್ಷ ಕೆಲಸ ಮಾಡಿದ ಹೆಂಗಸು ಹೊರಗಿನವಳು ಎಂದು ಅವತ್ತು ಗೊತ್ತಾಯಿತು. ಬಸ್ಸು ಹತ್ತಿ ಸರ್ಕಾರಿ ಆಸ್ಪತ್ರೆಗೆ ಹೋಗಿ ಪ್ಲಾಸ್ಟರ್ ಹಾಕಿಸಿದೆವು. ಅಪಘಾತದ ಪುಸ್ತಕದಲ್ಲಿ ಸೂಪರ್‌ವೈಸರ್ ‘ಕಾರ್ಮಿಕ ಮಹಿಳೆಯ ಅಜಾಗರೂಕತೆ’ ಎಂದು ಬರೆದುಕೊಂಡರು. ಅಮ್ಮ ದಿಂಬಿನ ಚೀಲಕ್ಕೆ ಬಂದಳು. ನಾನು ಅಮ್ಮನ ಜಾಗಕ್ಕೆ, ದೊಡ್ಡಮ್ಮನ ಎದುರಿಗೆ ಹೋದೆ.

ಹಾಡಿಲ್ಲದೆ ಹಿಂಡುವುದೆಂದರೆ ಏನು ಎಂದು ನನಗೆ ಗೊತ್ತಾದದ್ದು ಆಗ. ದೊಡ್ಡಮ್ಮನ ತುಟಿ ನೋಡುತ್ತ ತಿರುವಬೇಕು, ಅವಳ ಕಣ್ಣು ನೋಡುತ್ತ ಬಿಡಬೇಕು. ಕಣ್ಣಿಗೆ ಬೆವರು ಇಳಿದರೆ ಮುಗಿಯಿತು. ಎರಡು ವಾರದಲ್ಲಿ ಇನ್ನೂ ಮೂವರ ಕೈ ಊದಿಕೊಂಡವು. ಇಡೀ ನೆಲಮಾಳಿಗೆಯಲ್ಲಿ ನೀರು ಸುರಿಯುವ ಸದ್ದು, ಉಸಿರಿನ ಸದ್ದು. ಹನ್ನೆರಡು ಹೆಂಗಸರು ಕಳ್ಳರಂತೆ ಬೆಡ್‌ಶೀಟು ಹಿಂಡುತ್ತಿದ್ದೆವು.

ಆಗ ಬಂದರು ಹಾಡಿನ ಡಾಕ್ಟರು. ಜನಪದ ಸಂಗೀತದಲ್ಲಿ ಡಾಕ್ಟರೇಟು ಪಡೆದವರು. ಕೆಲಸ ಮಾಡುವವರ ಹಾಡುಗಳು ನಶಿಸಿ ಹೋಗುತ್ತಿವೆಯೆಂದು ಅವರಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲವಂತೆ. ಆಸ್ಪತ್ರೆಯ ಇಪ್ಪತ್ತೈದನೇ ವಾರ್ಷಿಕೋತ್ಸವಕ್ಕೆ ಒಂದು ಕಾರ್ಯಕ್ರಮ, ಒಂದು ಪುಸ್ತಕ ಮಾಡಿಕೊಡುತ್ತೇನೆಂದು ಮೇಲಿನವರ ಹತ್ತಿರ ಮಾತಾಡಿದ್ದರು. ಗೋಡೆಗೆ ಇನ್ನೊಂದು ಕಾಗದ ಬಂತು. ಮಂಗಳವಾರ ಹನ್ನೊಂದರಿಂದ ಹನ್ನೆರಡರವರೆಗೆ, ಸಂಶೋಧನೆಯ ಉದ್ದೇಶಕ್ಕಾಗಿ ಮಾತ್ರ, ಹಾಡಲು ಅನುಮತಿಸಲಾಗಿದೆ.

ಡಾಕ್ಟರು ಒಳ್ಳೆಯವರು. ನಮ್ಮನ್ನು ತಾಯಂದಿರೇ ಎಂದು ಕರೆದರು. ನಾವು ಕೊಟ್ಟ ಕುರ್ಚಿಯ ಮೇಲೆ ಕರ್ಚೀಫು ಹಾಸಿ ಕೂತರು. “ನೀವು ಯಾರೂ ಸಾಮಾನ್ಯರಲ್ಲ. ನಿಮ್ಮ ಬಾಯಲ್ಲಿ ನೆಲದ ಸಂಸ್ಕೃತಿ ಇದೆ,” ಎಂದರು.

“ನೆಲದ ಕೆಳಗಿನದು ಸಾರ್,” ಎಂದಳು ದೊಡ್ಡಮ್ಮ. ಅವರು ಅದನ್ನೂ ಬರೆದುಕೊಂಡರು.

ಅಮ್ಮ ಹಾಡಿದಳು. ಪ್ಲಾಸ್ಟರ್ ಹಾಕಿದ ಕೈ ತೊಡೆಯ ಮೇಲಿತ್ತು. ನಾವು ಹಿಂಡಿದೆವು. ಮುಗಿದ ಮೇಲೆ ಡಾಕ್ಟರು ತಮ್ಮ ದೊಡ್ಡ ಹೆಡ್‌ಫೋನನ್ನು ನನ್ನ ತಲೆಗೆ ಸಿಕ್ಕಿಸಿ, “ಕೇಳಮ್ಮ, ನಿಮ್ಮ ತಾಯಿ ದನಿ ಹೇಗೆ ಬಂದಿದೆ ನೋಡು,” ಎಂದರು.

ಅಮ್ಮನನ್ನು ನಾನು ಅವತ್ತೇ ಮೊದಲು ಕೇಳಿದ್ದು. ಅವಳ ದನಿಯಲ್ಲಿ ಗರಗರ ಇತ್ತು. ‘ತಿರುವು’ ಎಂಬಲ್ಲಿ ಉಸಿರು ಕಚ್ಚಿ ಹಿಡಿಯುತ್ತಿದ್ದಳು, ಯಾಕೆಂದರೆ ಕೈಯೂ ಕಚ್ಚಿ ಹಿಡಿಯುವ ಜಾಗ ಅದು. ‘ಬಿಡು’ ಎಂಬಲ್ಲಿ ಅಷ್ಟೂ ಉಸಿರು ಹೊರಗೆ ಬರುತ್ತಿತ್ತು. ಹಿಂದಿನಿಂದ ಹನ್ನೊಂದು ಗಂಟಲು. ಶೀಟುಗಳು ಬಿಚ್ಚಿಕೊಳ್ಳುವ ಸದ್ದು. ನಾನು ಹಣ ಕೂಡಿಸಿ ಡೌನ್‌ಲೋಡ್ ಮಾಡಿಕೊಂಡಿದ್ದ ಯಾವ ಹಾಡಿನಲ್ಲೂ ಯಾರೂ ಏನನ್ನೂ ಹಿಡಿದಿರಲಿಲ್ಲ, ಏನನ್ನೂ ಬಿಟ್ಟಿರಲಿಲ್ಲ. ನನಗೆ ಅಳು ಬಂತು. ಆ ಹಾಡು ನನಗೆ ಬೇಕು ಅನ್ನಿಸಿತು. ಅಷ್ಟು ಆಸೆ ನನಗೆ ಅದುವರೆಗೆ ಯಾವುದರ ಮೇಲೂ ಆಗಿರಲಿಲ್ಲ.

ಮನೆಗೆ ಹೋಗಿ, ಕಲಿಸಮ್ಮ ಎಂದೆ.

“ಏನಮ್ಮ ಮಹಾರಾಣಿ, ನಿನ್ನ ಕಿವಿಗೆ ಏನಾಯ್ತು?”

“ಕಲಿಸಮ್ಮ ಅಂದ್ನಲ್ಲ.”

“ಬರೀ ಬಾಯಲ್ಲಿ ಬರಲ್ಲ ಅದು. ಟವೆಲ್ ನೆನೆಸ್ಕೊಂಡು ಬಾ.”

ಅವಳ ಎಡಗೈಗೆ ಟವೆಲಿನ ಒಂದು ತುದಿ, ನನ್ನ ಎರಡು ಕೈಗೆ ಇನ್ನೊಂದು. ಅಡುಗೆಮನೆಯ ನೆಲವೆಲ್ಲ ನೀರು. ತಪ್ಪು ಹೇಳಿದರೆ ಟವೆಲಿನಲ್ಲೇ ಒಂದು ಬೀಸುತ್ತಿದ್ದಳು. ಒಂದೊಂದು ಪದಕ್ಕೂ ಒಡತಿಯಿದ್ದಳು. ‘ಹೆತ್ತವಳ ನೆತ್ತರು, ಸತ್ತವನ ನೆತ್ತರು, ತಣ್ಣೀರಲ್ಲೇ ಹೋಗೋದು’ ಎಂಬುದು ದೊಡ್ಡಮ್ಮನದು. ಬಿಸಿನೀರು ಹಾಕಿದರೆ ನೆತ್ತರಿನ ಕಲೆ ಕೂತುಬಿಡುತ್ತದೆ. ಹೊಸದಾಗಿ ಸೇರಿದವರು ಅದನ್ನು ಹಾಡಿಯೇ ಕಲಿಯುತ್ತಿದ್ದರು. ‘ಹೇಲು ಒಂದೇ ಬಣ್ಣ’ ಕಟ್ಟಿದವಳು ನಿವೃತ್ತಿ ಇಲ್ಲದೆ ಸತ್ತು ಹೋಗಿದ್ದಳು. ಇಪ್ಪತ್ತೊಂಬತ್ತನೆಯ ಪದಕ್ಕೆ ಬಂದಾಗ ಅಮ್ಮ ಟವೆಲಿನ ತುದಿ ಕೆಳಗಿಟ್ಟಳು. ಆಮೇಲೆ ಹೇಳಿದಳು:

ಹೋದವನು ಹೋದ, ಹಾಸಿಗೆ ಖಾಲಿ
ಸುಕ್ಕು ಮಾತ್ರ ಉಳೀತು, ಬಿಡೇ ಅಕ್ಕ ಬಿಡು

“ಇದು ನಂದು. ನಿಮ್ಮಪ್ಪ ಹೋದ ವಾರ ಕಟ್ಟಿದ್ದು.”

ಅದನ್ನು ಅವಳು ಎರಡು ವರ್ಷ ನನ್ನ ಎದುರಿಗೇ ದಿನಾ ಹಾಡಿದ್ದಳು. ನಾನು ಆಗೆಲ್ಲ ಇಯರ್‌ಫೋನಿನಲ್ಲಿ ಯಾವನೋ ಯಾವಳಿಗೋ ಹೃದಯ ಕೊಡುವುದನ್ನು ಕೇಳಿಕೊಂಡಿದ್ದೆ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಒಂದು ತಿಂಗಳಲ್ಲಿ ನಲವತ್ತೆರಡೂ ಕಲಿತೆ. ಕಲಿತದ್ದನ್ನು ಹಾಡಲು ಜಾಗವಿರಲಿಲ್ಲ. ಹಾಡು ಹುಟ್ಟಿದ ಜಾಗದಲ್ಲಿ ಬಾಯಿ ಬಿಟ್ಟರೆ ಕೆಲಸ ಹೋಗುತ್ತಿತ್ತು.

ವಾರ್ಷಿಕೋತ್ಸವದ ವಾರ ಸೂಪರ್‌ವೈಸರ್ ಹಲ್ಲು ಕಿರಿಯುತ್ತ ಬಂದರು. “ಹನ್ನೆರಡೂ ಜನ ಸ್ಟೇಜ್ ಮೇಲೆ ಬರಬೇಕು. ಒಳ್ಳೆ ಬಟ್ಟೆ ಕೊಡ್ತಾರೆ. ಸುಮ್ನೆ ಶೀಟು ಹಿಂಡೋ ಆಕ್ಷನ್ ಮಾಡಿದ್ರೆ ಸಾಕು.”

“ಹಾಡೋದು?” ಎಂದೆ.

“ಹಾಡೋಕೆ ಗಾಯಕಿ ಬರ್ತಾರೆ. ನೀವು ಬಾಯಿ ಬಿಡಬಾರದು.”

“ನಮ್ಮ ಹಾಡು ಸಾರ್.”

“ಅದಕ್ಕೇ ತಾನೆ ನಿಮ್ಮನ್ನ ಕರೀತಿರೋದು. ಚೆನ್ನಾಗಾದ್ರೆ ಕೆಳಗೆ ಹಾಡೋ ವಿಷ್ಯ ಮೇಲಿನವರ ಹತ್ರ ನಾನೇ ಮಾತಾಡ್ತೀನಿ.”

ಆ ಕೊನೆಯ ಮಾತಿಗೆ ನಾವು ಒಪ್ಪಿದೆವು. ಹಾಡು ಕೆಳಗೆ ವಾಪಸು ಬಂದರೆ ಸಾಕಿತ್ತು. ಗಾಯಕಿಯೇ ಹಾಡಲಿ, ಅವಳ ತಾತನೇ ಹಾಡಲಿ, ನಮ್ಮ ಕೈ ಉಳಿದರೆ ಸಾಕು ಎಂದಳು ದೊಡ್ಡಮ್ಮ. ಅಮ್ಮನನ್ನು ಕರೆಯಲಿಲ್ಲ. ಪ್ಲಾಸ್ಟರ್ ಚೆನ್ನಾಗಿ ಕಾಣುವುದಿಲ್ಲ ಎಂದರು. ಅವಳು ಸಭಾಂಗಣದ ಪಕ್ಕದ ಬಾಗಿಲಲ್ಲಿ ನಿಂತಳು.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು, ಅವರ ಮನೆಯವರು, ವಿಶೇಷ ವಾರ್ಡಿನ ಅತಿಥಿಗಳು. ನಮ್ಮ ಕೈಗೆ ಹೊಸ ಶೀಟು ಕೊಟ್ಟಿದ್ದರು, ಒಣಗಿದ್ದು, ಸೆಂಟು ಹೊಡೆದದ್ದು. ಹಾಡಿನ ಡಾಕ್ಟರು ಮೈಕಿನಲ್ಲಿ ಶ್ರಮಿಕರ ಬೆವರಿನ ಸುಗಂಧದ ಬಗ್ಗೆ ಮಾತಾಡಿದರು. ಗಾಯಕಿ ಕಣ್ಣು ಮುಚ್ಚಿ ಎತ್ತಿಕೊಂಡರು. ದನಿ ಚೆನ್ನಾಗಿತ್ತು. ನಾನು ಸುಳ್ಳು ಹೇಳುವುದಿಲ್ಲ.

‘ಹಿಡಿಯೇ ಅಕ್ಕ ಹಿಡಿ’ ಎಂದರು. ಹಿಡಿದೆವು. ‘ತಿರುವೇ ಅಕ್ಕ ತಿರುವು’ ಎಂದರು. ತಿರುವಿದೆವು. ‘ಮೇಲೆ ಮಲಗೋರೆಲ್ಲ ದೊಡ್ಡ ಮನುಷ್ಯರು’ ಎಂದರು. ಅಧ್ಯಕ್ಷರು ತಲೆದೂಗಿದರು. ನಾವು ನಾಲ್ಕನೆಯ ಸಾಲಿಗೆ ಕಾದೆವು. ಗಾಯಕಿ ಮತ್ತೆ ‘ತಿರುವೇ ಅಕ್ಕ ತಿರುವು’ ಎಂದರು.

ನಾಲ್ಕನೆಯ ಸಾಲು ಇರಲಿಲ್ಲ. ಡಾಕ್ಟರು ಅದನ್ನು ತೆಗೆದುಹಾಕಿದ್ದರು. ಅಷ್ಟೂ ಪದಗಳ ಕೊನೆಯ ಸಾಲಿನಲ್ಲಿ ಅಶ್ಲೀಲ ಮಾತುಗಳೂ ಅನಗತ್ಯ ಪುನರಾವರ್ತನೆಯೂ ಇರುವುದರಿಂದ ಕೈಬಿಡಲಾಗಿದೆ ಎಂದು ಪುಸ್ತಕದಲ್ಲಿ ಬರೆದಿದ್ದರಂತೆ. ಆ ಪುಸ್ತಕ ನಮಗೆ ಯಾರು ತೋರಿಸುತ್ತಾರೆ. ಹೀಗೆ, ನಮ್ಮವಳೊಬ್ಬಳು ಕಟ್ಟಿದ ಬೈಗುಳ ಅಧ್ಯಕ್ಷರ ಸ್ತುತಿಯಾಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಶೀಟನ್ನು ಸುಮ್ಮನೆ ಬಿಟ್ಟುಬಿಡುತ್ತಿದ್ದರು. ನಮಗೆ ಆಗಲಿಲ್ಲ. ‘ಬಿಡು’ ಎನ್ನದೆ ಬಿಟ್ಟರೆ ಎದುರಿಗಿರುವವಳ ಕೈ ಮುರಿಯುತ್ತದೆ ಎಂದು ನಮ್ಮ ಕೈಗೆ ಗೊತ್ತು. ಗಾಯಕಿ ತಿರುವು ಎಂದಷ್ಟೂ ಸಲ ತಿರುವಿದೆವು. ಅವರು ‘ತಿರುವು’ ಎಂಬುದನ್ನೇ ಹಿಡಿದು ಮೇಲಕ್ಕೆ ಕೆಳಕ್ಕೆ ಆಲಾಪ ಮಾಡಿದರು. ಶೀಟು ಕಟ್ಟಿಗೆಯಾಯಿತು. ಒಣ ಬಟ್ಟೆ ಅಂಗೈ ಸುಲಿಯಿತು. ಜನ ಚಪ್ಪಾಳೆ ತಟ್ಟಿದರು, ಎಷ್ಟು ನೈಜವಾಗಿ ಮಾಡುತ್ತಾರೆ ಎಂದು ಮುಂದಿನ ಸಾಲಿನ ಹೆಂಗಸು ಹೇಳಿದ್ದು ನನಗೆ ಕೇಳಿಸಿತು. ದೊಡ್ಡಮ್ಮನ ಮುಖ ಕಪ್ಪಿಟ್ಟಿತ್ತು. ಅವಳ ಮಣಿಕಟ್ಟು ಇನ್ನೊಂದು ಸುತ್ತು ತಾಳುವಂತಿರಲಿಲ್ಲ.

“ಹೇಳೇ,” ಎಂದಳು, ನನಗೆ ಮಾತ್ರ ಕೇಳುವಂತೆ. “ಕೈ ಹೋಗುತ್ತೆ ಕಣೇ. ಹೇಳೇ.”

ನಾನು ಬಾಯಿ ಬಿಟ್ಟೆ. ‘ಹೇಲು ಒಂದೇ ಬಣ್ಣ ಕಣೇ, ಬಿಡೇ ಅಕ್ಕ ಬಿಡು.’

ಆರು ಶೀಟು ಒಟ್ಟಿಗೆ ಬಿಚ್ಚಿಕೊಂಡವು. ಕೀಬೋರ್ಡಿನವನು ಕೈ ಎತ್ತಿದ. ಗಾಯಕಿ ಕಣ್ಣು ಬಿಟ್ಟರು. ಅಷ್ಟರಲ್ಲಿ ಪಕ್ಕದ ಬಾಗಿಲಿನಿಂದ ಅಮ್ಮ ‘ಹಿಡಿಯೇ ಅಕ್ಕ ಹಿಡಿ’ ಎಂದು ಎರಡನೆಯದನ್ನು ಎತ್ತಿದಳು. ನಮ್ಮ ಕೈ ಹಿಡಿಯಿತು. ಬೇಡ ಎನ್ನಲು ನಮಗೆ ಮನಸ್ಸೂ ಇರಲಿಲ್ಲ. ಪರದೆ ಬೀಳುವುದರೊಳಗೆ ಮೂರು ಪದ ಮುಗಿಸಿದೆವು.

ಮಾರನೆಯ ದಿನ ವಿಚಾರಣೆ. ಆಡಳಿತಾಧಿಕಾರಿಗಳ ಕೋಣೆಯಲ್ಲಿ ನನಗೆ ಕೂರಲು ಹೇಳಲಿಲ್ಲ. ಉಳಿದವರು ಬಾಗಿಲ ಹೊರಗೆ ನಿಂತಿದ್ದರು.

“ನಿನ್ನೆ ಏನು ಹಾಡಿದೆ ಅಂತ ಪೂರ್ತಿ ಬರೆದುಕೊಡು. ಕೆಳಗೆ ‘ತಪ್ಪಾಯಿತು, ಇನ್ನು ಮುಂದೆ ಹಾಡುವುದಿಲ್ಲ’ ಅಂತ ಬರೆದು ಸಹಿ ಹಾಕು. ಇಲ್ದಿದ್ರೆ ಮನೆಗೆ ಹೋಗು,” ಎಂದರು ಅಧಿಕಾರಿಗಳು.

ಪೂರ್ತಿ ಎಂದರಲ್ಲ. ನಾನು ಹನ್ನೊಂದು ಹಾಳೆ ಬರೆದೆ. ನಲವತ್ತೆರಡು ಪದ, ಕೊನೆಯ ಸಾಲಿನ ಸಮೇತ. ಹೇಳಿಕೆಯನ್ನು ಆರೋಪಿಗೆ ಓದಿ ಹೇಳಿಯೇ ಸಹಿ ಪಡೆಯಬೇಕೆಂಬ ನಿಯಮ ಅವರದೇ. ಅಧಿಕಾರಿಗಳು ಕನ್ನಡಕ ಹಾಕಿಕೊಂಡು ಓದತೊಡಗಿದರು. ಹೇಲಿಗೆ ಬಂದಾಗ ‘ಮಲ’ ಎಂದರು. ಹಾಗಲ್ಲ ಸಾರ್, ಬರೆದ ಹಾಗೇ ಓದಬೇಕು ಎಂದೆ. ಓದಿದರು. ‘ಬಿಡೇ ಅಕ್ಕ’ ಎಂದು ಅವರು ನಿಲ್ಲಿಸುತ್ತಿದ್ದಂತೆ ಬಾಗಿಲಾಚೆಯಿಂದ ಹನ್ನೆರಡು ಗಂಟಲು ‘ಬಿಡು’ ಎಂದವು. ಅಭ್ಯಾಸ ಬಲ. ಐದನೆಯ ಪದಕ್ಕೆ ಅವರು ಹಾಳೆಗಳನ್ನು ಫೈಲಿಗೆ ತುರುಕಿದರು. ಡಾಕ್ಟರ ಪುಸ್ತಕದಲ್ಲಿಲ್ಲದ ನಮ್ಮ ಹಾಡು ಪೂರ್ತಿಯಾಗಿ ಇರುವುದು ಆ ಶಿಸ್ತುಕ್ರಮದ ಫೈಲಿನಲ್ಲೇ.

“ತಪ್ಪಾಯಿತು ಅಂತ ಎಲ್ಲಿದೆ?”

“ಆ ಸಾಲು ನಮ್ಮ ಹಾಡಲ್ಲಿಲ್ಲ ಸಾರ್.”

“ಸಹಿ?”

“ಹಾಕಲ್ಲ.”

ನನ್ನನ್ನು ಗೇಟಿನ ಹೊರಗೆ ಬಿಟ್ಟರು. ಆಮೇಲಿನದು ದೊಡ್ಡಮ್ಮ ಹೇಳಿದ್ದು. ಉಳಿದವರೆಲ್ಲ ಕೆಳಗೆ ಹೋಗಿ ಒದ್ದೆ ಶೀಟುಗಳ ರಾಶಿಯ ಸುತ್ತ ಕೈಕಟ್ಟಿ ಕೂತರು. ಸೂಪರ್‌ವೈಸರ್ ಬಂದು ಯಾಕೆ ಕೂತಿದ್ದೀರಿ ಎಂದರೆ ಗೋಡೆಯ ಕಾಗದ ತೋರಿಸಿದರು. ಹಾಡಬಾರದು ಎಂದಿದೆ, ಹಾಡುತ್ತಿಲ್ಲ. ಹಾಡದೆ ಹಿಂಡಿದರೆ ಕೈ ಮುರಿಯುತ್ತದೆ, ಮುರಿದರೆ ಅಜಾಗರೂಕತೆ ಎಂದು ಬರೆಯುತ್ತೀರಿ. ನಾವು ಜಾಗರೂಕರಾಗಿದ್ದೇವೆ ಸಾರ್ ಎಂದಳಂತೆ ಅಮ್ಮ. ಎರಡನೇ ದಿನ ಸಂಜೆಗೆ ಕಪಾಟುಗಳು ಖಾಲಿಯಾದವು. ವಿಶೇಷ ವಾರ್ಡಿನ ಅತಿಥಿಗಳು ಬರೀ ರೆಕ್ಸಿನ್ ಹಾಸಿಗೆಯ ಮೇಲೆ ಮಲಗಿ, ಬೆನ್ನಿಗೆ ಅಂಟುತ್ತದೆ ಎಂದು ಗಂಟೆ ಒತ್ತತೊಡಗಿದರು.

ಮೂರನೇ ದಿನ ಬೆಳಿಗ್ಗೆ ಸೂಪರ್‌ವೈಸರ್ ಗೇಟಿಗೆ ಬಂದು, ಅಲ್ಲೇ ಕಾಯುತ್ತಿದ್ದ ನನ್ನನ್ನು ಕರೆದುಕೊಂಡು ಕೆಳಗಿಳಿದರು. ರಾಶಿಯ ಮುಂದೆ ನಿಂತು, “ಆಯ್ತು. ಹಾಡ್ಕೊಳ್ಳಿ. ಮೇಲಿನವರು ಒಪ್ಪಿದ್ದಾರೆ. ಆದರೆ ಆ ಒಂದು ಸಾಲು ಬೇಡ,” ಎಂದರು.

ಯಾರೂ ಏಳಲಿಲ್ಲ. ಅಮ್ಮ ಎಡಗೈಯಲ್ಲಿ ರಾಶಿಯಿಂದ ಒಂದು ಶೀಟಿನ ತುದಿ ಎಳೆದು ಅವರ ಮುಂದೆ ಹಿಡಿದಳು.

“ಹಿಡೀರಿ ಸಾರ್. ಆ ಸಾಲಿಲ್ದೆ ಒಂದು ಹಿಂಡಿ ತೋರಿಸಿ. ನಾವೂ ಹಾಗೇ ಹಿಂಡ್ತೀವಿ.”

ಅದು ಒಗೆದ ಶೀಟು. ಒಂದು ಕಲೆಯೂ ಇರಲಿಲ್ಲ. ಒಣಗಿಸಿ ಇಸ್ತ್ರಿ ಮಾಡಿದರೆ ಸಂಜೆಗೆ ದೊಡ್ಡ ಮನುಷ್ಯರು ಕೆನ್ನೆಯಿಟ್ಟು ಮಲಗುವಂಥದ್ದು. ಸೂಪರ್‌ವೈಸರ್ ಶೀಟನ್ನು ನೋಡಿದರು. ಅದನ್ನು ಹಿಡಿದಿದ್ದ ಅಮ್ಮನ ಬೆರಳುಗಳನ್ನು ನೋಡಿದರು. ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಹಿಂದೆ ಸರಿದರು.

ಅಮ್ಮ ಆ ತುದಿಯನ್ನು ನನ್ನ ಕೈಗೆ ಕೊಟ್ಟಳು. ದೊಡ್ಡಮ್ಮ ಎದುರಿಗೆ ಬಂದು ನಿಂತಳು. ನಾನು ಎತ್ತಿದೆ. ಅವರು ಮೆಟ್ಟಿಲು ಹತ್ತಿ ಬಾಗಿಲು ತಲುಪುವುದರೊಳಗೆ ನಾವು ನಾಲ್ಕನೆಯ ಸಾಲಿಗೆ ಬಂದಿದ್ದೆವು.